ಮಾಂಸ ತಿನ್ನದವನ ಕೈಗೆ ಬಂದ ಬಂದೂಕು

ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಬಂದೂಕಿನಿಂದ ಜಿಂಕೆ ಬೇಟೆಯಾಡುವ ಮುಖ್ಯ ಸೀಜನ್ ಒಂಬತ್ತೇ ದಿನ. ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಹಿಂದಿನ ಶನಿವಾರ ಶುರುವಾಗಿ, ಹಬ್ಬ ಮುಗಿದ ಭಾನುವಾರಕ್ಕೆ ಮುಗಿಯುತ್ತದೆ. ಆ ವಾರ ಆಫೀಸಿನಲ್ಲಿ ಮೀಟಿಂಗ್ ಇಟ್ಟರೆ ಯಾರೂ ಬರುವುದಿಲ್ಲ. ಪೆಟ್ರೋಲ್ ಬಂಕಿನಲ್ಲಿ ಎತ್ತ ನೋಡಿದರೂ ಕಣ್ಣು ಕುಕ್ಕುವ ಕಿತ್ತಳೆ ಬಣ್ಣದ ಜಾಕೀಟುಗಳು. ನಾನು ಗದಗ ಜಿಲ್ಲೆಯವನು. ತತ್ತಿಯ ಹೆಸರೆತ್ತಿದರೂ ಅವ್ವ ಮುಖ ಸಿಂಡರಿಸುವ ಲಿಂಗಾಯತರ ಮನೆಯಲ್ಲಿ ಬೆಳೆದವನು. ಈ ಸೀಜನ್ನಿಗೂ ನನಗೂ ಎತ್ತಣಿಂದೆತ್ತ ಸಂಬಂಧ? ಸಂಬಂಧ ಹಚ್ಚಿದ್ದು ನನ್ನ ಡಯಲ್ ಗೇಜು, ಕೂದಲೆಳೆಯಷ್ಟು ಅಲುಗಿದರೂ ಮುಳ್ಳು ತಿರುಗಿಸಿ ತೋರಿಸುವ ಅಳತೆಯ ಸಾಧನ.

ಪಕ್ಕದ ಮನೆಯ ಅಮೆರಿಕನ್ ಅಜ್ಜಾರ ಹತ್ತಿರ ಅವರಪ್ಪನ ಕಾಲದ ವಿಂಚೆಸ್ಟರ್ ಮಾಡೆಲ್ 70 ಬಂದೂಕಿದೆ. ಬೋಲ್ಟ್ ಎಳೆದು ಒಂದೊಂದೇ ಗುಂಡು ಹಾರಿಸುವ ಜಾತಿಯದು, ಹಿಡಿಯೆಲ್ಲ ವಾಲ್‌ನಟ್ ಕಟ್ಟಿಗೆ. ಈ ಮಾದರಿ ಬಂದದ್ದು 1936ರಲ್ಲಿ. 1964ರಲ್ಲಿ ಕಂಪನಿ ಖರ್ಚು ಉಳಿಸಲು ವಿನ್ಯಾಸ ಬದಲಿಸಿತು. ಹಾಗಾಗಿ 'ಅರವತ್ನಾಲ್ಕರ ಹಿಂದಿನದು' ಎಂದರೆ ಇಲ್ಲಿಯವರ ಮುಖ ಅರಳುತ್ತದೆ. ಅಜ್ಜಾರದು ಅಂಥದ್ದೇ. ಆದರೆ ಈಚೆಗೆ ಅದು ಹಟಕ್ಕೆ ಬಿದ್ದಿತ್ತು. ಮೊದಲ ಗುಂಡು ಗುರಿ ಇಟ್ಟಲ್ಲೇ ಬೀಳುವುದು, ನಳಿಗೆ ಕಾದ ಹಾಗೆ ಎರಡನೆಯದು ಮೇಲೆ, ಮೂರನೆಯದು ಇನ್ನೂ ಮೇಲೆ. ನೂರು ಗಜಕ್ಕೆ ನಾಲ್ಕು ಇಂಚು ಹರಡುತ್ತಿತ್ತು. ಪ್ಲಾಸ್ಟಿಕ್ ಹಿಡಿಯ ಹೊಸ ಬಂದೂಕು ತಗೋ ಎಂದು ಮಗ ಗಂಟುಬಿದ್ದಿದ್ದ. ಅಜ್ಜಾರು ಅದನ್ನು ಕಿವಿಗೆ ಹಾಕಿಕೊಳ್ಳದೆ, ಬಂದೂಕಿನ ಪೆಟ್ಟಿಗೆ ಹಿಡಿದು ನನ್ನ ಗ್ಯಾರೇಜಿಗೆ ಬಂದರು. "ನಿನ್ನ ಹತ್ರ ಅಳಿಯೂ ಗೇಜ್ ಐತೆಂತ ಕೇಳೀನಿ," ಅಂದರು.

ಗೇಜ್ ಇದ್ದದ್ದು ಹೌದು. ಅದನ್ನು ಬಳಸಲು ಕಲಿತದ್ದು ಹುಬ್ಬಳ್ಳಿಯ ಗೋಕುಲ ರೋಡಿನಲ್ಲಿ, ಡಿಪ್ಲೊಮಾ ಮುಗಿಸಿ ಸೇರಿದ ಒಂದು ಮಷೀನ್ ಶಾಪಿನಲ್ಲಿ. ಅಲ್ಲಿಯ ಫಿಟ್ಟರ್ ಮೇಸ್ತ್ರಿ ಪಂಪಿನ ಪಾಯದ ಮುಂದೆ ಕುಕ್ಕರಗಾಲಿನಲ್ಲಿ ಕೂತು ಹೇಳುತ್ತಿದ್ದರು: "ತಮ್ಮಾ, ಬೋಲ್ಟ್ ಬಿಗದ್ರ ಕುಂತತು ಅಂತ ತಿಳ್ಕೋಬ್ಯಾಡ. ಬಿಚ್ಚಿದಾಗ ಮುಳ್ಳು ಹೊಳ್ಳಬಾರದು. ಅದಕ್ಕ ಕುಂತದ್ದು ಅಂತಾರ."

ಬಂದೂಕಿಗೂ ಅದೇ ಮಾತು. ಗುಂಡಿಲ್ಲವೆಂದು ಎರಡೆರಡು ಸಲ ನೋಡಿ, ಬೋಲ್ಟ್ ತೆಗೆದಿಟ್ಟೆವು. ನಳಿಗೆಗೂ ಕಟ್ಟಿಗೆಗೂ ನಡುವೆ ಕಾಗದ ಸರಿಸಿ ನೋಡಿದರೆ ಅರ್ಧಕ್ಕೇ ಸಿಕ್ಕಿಬಿತ್ತು. ಮಳೆಗಾಲದಲ್ಲಿ ನಮ್ಮ ಊರ ಮನೆಯ ಬಾಗಿಲು ಚೌಕಟ್ಟಿಗೆ ಹಿಡಿದುಕೊಳ್ಳುತ್ತದಲ್ಲ, ಹಾಗೆ. ಇಲ್ಲಿಯ ಬೇಸಿಗೆ ಜಿಬಿಜಿಬಿ, ಚಳಿಗಾಲದಲ್ಲಿ ಹೀಟರ್ ಹಚ್ಚಿದ ಮನೆಯೊಳಗೆ ತುಟಿ ಬಿರಿಯುವಷ್ಟು ಒಣ. ಕಟ್ಟಿಗೆ ಜುಲೈನಲ್ಲಿ ಉಬ್ಬಿ, ನವೆಂಬರಿನಲ್ಲಿ ಸೆಟೆದು, ಸುಮ್ಮನಿರಬೇಕಾದ ನಳಿಗೆಯನ್ನು ಒಂದೊಂದು ಸಲ ಒಂದೊಂದು ಕಡೆ ಒತ್ತುತ್ತದೆ. ಸಾಲದ್ದಕ್ಕೆ ಈ ಹಳೆ ಮಾದರಿಯಲ್ಲಿ ನಳಿಗೆಯನ್ನೇ ಕಟ್ಟಿಗೆಗೆ ಬಿಗಿಯುವ ಒಂದು ಸ್ಕ್ರೂ ಮುಂದುಗಡೆ ಇದೆ. ಅದನ್ನು ತೆಗೆದು, ಗೇಜನ್ನು ನಳಿಗೆಗೆ ಕಚ್ಚಿಸಿ, ಅದರ ತುದಿಯನ್ನು ಕಟ್ಟಿಗೆಗೆ ಮುಟ್ಟಿಸಿ, ಅಡಿಯ ಮುಂದಿನ ಸ್ಕ್ರೂ ಮೆಲ್ಲಗೆ ಸಡಿಲಿಸಿದೆ. ಎರಡು ಮೂರು ಥೌ (ಇಂಚಿನ ಸಾವಿರದ ಒಂದು ಪಾಲಿಗೆ ಒಂದು ಥೌ) ಅಲುಗಾಡಿದರೆ ಚಿಂತೆ ಇಲ್ಲ. ಇಲ್ಲಿ ಮುಳ್ಳು ಹನ್ನೆರಡು ದಾಟಿತು. ಅಂದರೆ ಸ್ಕ್ರೂ ಬಿಗಿದಾಗಲೆಲ್ಲ ಆಕ್ಷನ್, ಅಂದರೆ ನಳಿಗೆಯ ಹಿಂದೆ ಬೋಲ್ಟ್ ಓಡಾಡುವ ಉಕ್ಕಿನ ಭಾಗ, ಬಾಗುತ್ತಿತ್ತು.

ಬಿಚ್ಚಿದಾಗ ಕಾರಣ ಕಣ್ಣಿಗೇ ಬಿತ್ತು. ಗುಂಡು ಹಾರಿದಾಗಿನ ಹಿಂದೊದೆತವನ್ನೆಲ್ಲ ತಡೆಯುವುದು ಆಕ್ಷನ್ನಿನ ಅಡಿಗಿರುವ ಒಂದು ಗಟ್ಟಿ ಉಬ್ಬು, ಲಗ್ ಅನ್ನುತ್ತಾರೆ. ಅದು ಒದೆಯುವ ಜಾಗದ ಕಟ್ಟಿಗೆ ವರ್ಷಾನುಗಟ್ಟಲೆ ಬಂದೂಕಿನ ಎಣ್ಣೆ ಕುಡಿದು ಕರ್ರಗಾಗಿತ್ತು, ಉಗುರು ಒತ್ತಿದರೆ ಇಳಿಯುವಷ್ಟು ಮೆತ್ತಗಾಗಿತ್ತು.

ಇದಕ್ಕೆ ಮದ್ದು ಬೆಡ್ಡಿಂಗ್. ಸತ್ತ ಕಟ್ಟಿಗೆಯನ್ನು ಉಳಿಯಿಂದ ಕೆರೆದು, ಆ ಜಾಗಕ್ಕೆ ಕಲ್ಲಿನಂತೆ ಗಟ್ಟಿಯಾಗುವ ಎಪಾಕ್ಸಿ ಅಂಟು ತುಂಬಿ, ಉಕ್ಕನ್ನು ಅದರ ಮೇಲೆ ಕೂರಿಸಿ ಒಣಗಲು ಬಿಟ್ಟರೆ ಉಕ್ಕಿನ ಅಚ್ಚು ಹಾಗೇ ಮೂಡುತ್ತದೆ. ಹೇಳಲಿಕ್ಕೆ ಇಷ್ಟೇ, ಮಾಡುವಾಗ ಬೆವರಿಳಿಯುತ್ತದೆ. ಉಕ್ಕಿಗೆ ಮೂಲೆಮೂಲೆಗೂ ಮೇಣ ಹಚ್ಚದಿದ್ದರೆ ಬಂದೂಕು, ಕಟ್ಟಿಗೆ ಎರಡೂ ಒಂದೇ ಆಗಿ ಕೂರುತ್ತವೆ. ಅಜ್ಜಾರು ಬೂಟ್ ಪಾಲಿಶನ್ನೇ ಎರಡು ಕೈ ಬಳಿದರು. ಲಗ್ಗಿನ ಮುಂದೆ, ಬದಿಗೆ, ತಳಕ್ಕೆ ಟೇಪು ಅಂಟಿಸಿದೆವು. ಅದು ತನ್ನ ಹಿಂಬದಿಯಿಂದ ಮಾತ್ರ ಒತ್ತಬೇಕು, ಉಳಿದ ಕಡೆ ಕೂದಲೆಳೆ ಜಾಗ ಇರಬೇಕು. ಕೂರಿಸಿದ ಮೇಲೆ ಸ್ಕ್ರೂ ಬಿಗಿಯುವ ಹಾಗಿಲ್ಲ. ಬಿಗಿದರೆ ಆ ಬಾಗಿದ ಆಕಾರವೇ ಗಟ್ಟಿಯಾಗುತ್ತದೆ. ಎಷ್ಟೋ ಜನ ಎಡವುವುದು ಇಲ್ಲೇ.

ಎಪಾಕ್ಸಿ ಇಳಿಯಬಾರದ ತೂತುಗಳನ್ನು ಮುಚ್ಚಲು ಆಟದ ಜೇಡಿಮಣ್ಣು ಬೇಕಿತ್ತು. ಅದನ್ನು ತಂದವಳು ಅಜ್ಜಾರ ಮೊಮ್ಮಗಳು, ನಾಲ್ಕನೇ ಕ್ಲಾಸಿನವಳು. ನೀಲಿ ಮಣ್ಣು ಕೊಡಲು ಮನಸ್ಸಿಲ್ಲದೆ ಹಸಿರನ್ನು ಕೊಟ್ಟಳು. ಕೊಟ್ಟವಳು ಹೋಗದೆ ಸ್ಟೂಲಿನ ಮೇಲೆ ಕಾಲು ಜೋತುಬಿಟ್ಟು ಕೂತಳು. ತಾನು ತಂದ ಕುಕ್ಕೀಸಿನಲ್ಲಿ ತತ್ತಿ ಇದೆಯೆಂದು ನಾನು ಮುಟ್ಟದೆ ಇದ್ದದ್ದು ಅವಳ ತಲೆಯಲ್ಲಿ ಕೊರೆಯುತ್ತಿತ್ತೋ ಏನೋ, ನಡುವೆಯೇ ಕೇಳಿದಳು:

"ನೀವು ಜಿಂಕಿ ತಿನ್ನೂದಿಲ್ಲ. ಆದ್ರ ಅಜ್ಜನ ಗುಂಡು ಅದಕ್ಕ ಬರೊಬ್ಬರಿ ಬಡೀಲಿ ಅಂತ ಮಾಡಾಕತ್ತೀರಲ್ಲ, ಯಾಕ?"

ನನ್ನ ಬಾಯಿಂದ ಮಾತು ಹೊರಡಲಿಲ್ಲ. ಅಜ್ಜಾರೇ, ತಲೆ ಎತ್ತದೆ, ಎರಡು ಅಂಗೈ ಅಗಲಿಸಿ ತೋರಿಸಿದರು. ಜಿಂಕೆಯ ಗುಂಡಿಗೆ, ಶ್ವಾಸಕೋಶ ಇರುವ ಜಾಗ ಹೆಚ್ಚೂಕಡಿಮೆ ಎಂಟು ಇಂಚು. ನೂರು ಗಜಕ್ಕೆ ನಾಲ್ಕು ಇಂಚು ಹರಡುವ ಬಂದೂಕು ಇನ್ನೂರಕ್ಕೆ ಎಂಟು ಇಂಚು ಹರಡುತ್ತದೆ. ಕೈ ಒಂಚೂರು ನಡುಗಿದರೆ ಗುಂಡು ಹೊಟ್ಟೆಗೆ. "ಹೊಟ್ಟಿಗೆ ಬಿದ್ದದ್ದು ರಾತ್ರಿಯಿಡೀ ಪೊದಿಯೊಳಗ ನರಳ್ತದ. ಹಂಗ ಆಗಬಾರದಂತ ಇವ್ರು ಮಾಡಾಕತ್ತಾರ," ಅಂದರು. ಹುಡುಗಿ ಒಪ್ಪಿದಳೋ ಬಿಟ್ಟಳೋ, ಉಳಿದ ಮಣ್ಣು ಎತ್ತಿಕೊಂಡು ಹೋದಳು.

ಉಳಿದ ಕೆಲಸ ಸರಳ. ದುಂಡನೆಯ ಕೋಲಿಗೆ ಪಾಲಿಶ್ ಪೇಪರ್ ಸುತ್ತಿ, ನಳಿಗೆ ಮುಟ್ಟದ ಹಾಗೆ ಕಟ್ಟಿಗೆಯಲ್ಲಿ ಅದು ಕೂರುವ ಹಾದಿ ಉಜ್ಜಿದೆವು. ತೆಳು ನಳಿಗೆಯ ಕೆಲವು ಹಳೆ ಬಂದೂಕುಗಳು ಮುಂದೆ ತುಸು ಒತ್ತಡವಿದ್ದರೇ ಚಲೋ ಹೊಡೆಯುತ್ತವೆ. ಎಲ್ಲದಕ್ಕೂ ಜಾಗ ಬಿಡಿಸುವುದೇ ಮದ್ದು ಅನ್ನುವವರ ಮಾತು ನಾನು ನಂಬುವುದಿಲ್ಲ. ಇದಕ್ಕಂತೂ ಒಗ್ಗಿತು. ಒಳಗಿನ ಹಸಿ ಕಟ್ಟಿಗೆಗೆ ವಾರ್ನಿಶ್ ಕುಡಿಸಿ, ಮುಂದಿನ ಹಿಂದಿನ ಸ್ಕ್ರೂ ಬಿಗಿದು, ನಡುವಿನದನ್ನು ಬರೀ ಮುಟ್ಟಿಸಿದೆವು. ನಡುವಿನದನ್ನು ಬಿಗಿದರೆ ಮತ್ತೆ ಆಕ್ಷನ್ ಬಾಗುತ್ತದೆ. ನಳಿಗೆ ಆರಲು ಬಿಟ್ಟು ಬಿಟ್ಟು ಹೊಡೆದಾಗ ನೂರು ಗಜಕ್ಕೆ ಒಂದೂವರೆ ಇಂಚಿಗೆ ಬಂತು.

ಬಂದೂಕು ರಿಪೇರಿಯಾಯಿತು, ಹುಡುಗಿಯ ಮಾತು ಮಾತ್ರ ನನ್ನನ್ನು ಬಿಡಲಿಲ್ಲ. ಅದು ನನ್ನನ್ನು ಮುಂಡರಗಿ ಕಡೆಯ ನಮ್ಮ ಹೊಲಕ್ಕೆ, ಕಪ್ಪತಗುಡ್ಡದ ಬುಡಕ್ಕೆ ಎಳೆದೊಯ್ಯಿತು.

ನನ್ನ ಅಜ್ಜನ ಕಾಲಕ್ಕೆ ಹೆಸರಿನ ಬೆಳೆಗೆ ಚಿಗರಿ (ಕೃಷ್ಣಮೃಗ) ಹಿಂಡು ಬೀಳುತ್ತಿತ್ತು. ಅಜ್ಜ ಮಂಚಿಗೆ ಏರಿ ಕವಣಿ ಬೀಸುತ್ತಿದ್ದ, ಡಬ್ಬಿ ಬಡಿಯುತ್ತಿದ್ದ, ಚಿಗರಿಯ ಏಳು ತಲೆಮಾರು ತೆಗೆದು ಬೈಯುತ್ತಿದ್ದ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಚಿಗರಿ ಕೊಂದರೆ ಜೈಲು. ಈಗ ಮೂರರಿಂದ ಏಳು ವರ್ಷ. ಕಪ್ಪತಗುಡ್ಡವೂ 2019ರಿಂದ ವನ್ಯಜೀವಿಧಾಮ. ಇದಕ್ಕೆ ನನಗೆ ಹೆಮ್ಮೆಯೇ ಇದೆ. ಆದರೆ ಈಗ ಊರ ಸುತ್ತ ಗೋವಿನಜೋಳ, ಗೋವಿನಜೋಳಕ್ಕೆ ಕಾಡಹಂದಿ. ಒಂದು ರಾತ್ರಿಯಲ್ಲಿ ಅರ್ಧ ಎಕರೆ ಮಲಗಿಸಿ ಹೋಗುತ್ತವೆ. ಅದಕ್ಕೆ ಕೆಲವರು ಪಂಪ್‌ಸೆಟ್ಟಿನ ಲೈನಿನಿಂದಲೇ ಹೊಲದ ಬದುವಿಗೆ ತಂತಿ ಎಳೆಯುತ್ತಾರೆ.

ಹೋದ ಸಲ ಊರಿಗೆ ಹೋದಾಗ ಬಾಜೂ ಹೊಲದಲ್ಲಿ ನೋಡಿದೆ. ತಂತಿಗೆ ಮೂತಿ ಹತ್ತಿದ ಹೆಣ್ಣುಹಂದಿ, ಮೂತಿಯ ಒಂದು ಬದಿ ಸುಟ್ಟು ಬೆಳ್ಳಗಾಗಿತ್ತು. ಹಿಂಗಾಲು ಒದ್ದಾಡಿದ ಕಡೆ ಎರಿ ಮಣ್ಣು ಗುಂಡಿ ಬಿದ್ದಿತ್ತು. ತಕ್ಷಣ ಸತ್ತಿಲ್ಲವೆಂದು ಗುಂಡಿ ನೋಡಿದರೇ ಗೊತ್ತಾಗುತ್ತಿತ್ತು. ತಂತಿ ಎಳೆದವರು ಹಣೆತುಂಬ ವಿಭೂತಿ ಹಚ್ಚಿಕೊಂಡು, ಇರುವೆ ಸಾಲು ಕಂಡರೆ ದಾಟಿ ನಡೆಯುವ ಹಿರಿಯರು. "ನಾವೇನ್ ಕೊಂದಿಲ್ಲಪಾ, ಕರೆಂಟ್ ಹೊಡದತಿ," ಅಂದರು. ಇನ್ನು ಕೆಲವು ಕಡೆ ಹಿಟ್ಟಿನ ಉಂಡೆಯೊಳಗೆ ಸಿಡಿಮದ್ದು ಇಡುತ್ತಾರೆ. ಕಚ್ಚಿದ ಹಂದಿ ದವಡೆ ಹಾರಿ, ಏನೂ ತಿನ್ನಲಾಗದೆ ಸಾಯುತ್ತದೆ. ಮೇಯಲು ಬಿಟ್ಟ ಆಕಳೂ ಕಚ್ಚುತ್ತವೆ. ರಾತ್ರಿ ನೀರು ಹಾಯಿಸಲು ಹೋದ ಮನುಷ್ಯರೂ ತಂತಿಗೆ ಸಿಕ್ಕಿದ್ದಾರೆ.

ಮಾಂಸ ತಿನ್ನುವ ಮುದುಕನೊಬ್ಬ ಒಂದು ಜಿಂಕೆ ನರಳಬಾರದೆಂದು ಇಂಚಿಂಚಿನ ಲೆಕ್ಕ ಹಾಕುತ್ತಾನೆ. ಮುಟ್ಟದ ನಾವು ತಂತಿ ಎಳೆದು, ಕೈ ತೊಳೆದು, ಹೊದ್ದು ಮಲಗುತ್ತೇವೆ. ಇದನ್ನೇ, ಸ್ವಲ್ಪ ಏರುದನಿಯಲ್ಲೇ, ಫೋನಿನಲ್ಲಿ ತಮ್ಮನಿಗೆ ಹೇಳಿದೆ.

ಅವನು ಪೂರಾ ಕೇಳಿದ. "ಅಲ್ಲೋ ಅಣ್ಣ, ಅಲ್ಲಿ ಜಿಂಕಿ ಬೆಳಿ ತಿಂದ್ರ ಏನ್ ಮಾಡ್ತಾರ?" ಅಂದ. ಬೆಳೆಹಾನಿ ತೋರಿಸಿದರೆ ಸೀಜನ್ ಹೊರಗೂ ಹೊಡೆಯಲು ರೈತನಿಗೆ ಪರವಾನಗಿ ಸಿಗುತ್ತದೆ ಅಂದೆ. "ಮತ್ತ? ನಮಗ ಪರವಾನಗಿ ಕೊಡವ್ರು ಯಾರು? ಫೋಟೋ ತಗೀರಿ, ಪಂಚನಾಮಿ ಆಗ್ಲಿ, ಅರ್ಜಿ ಹಾಕ್ರಿ ಅಂತಾರ. ಆ ಮ್ಯಾಲ ಬರೂ ಪರಿಹಾರ ಬೀಜದ ರೊಕ್ಕಕ್ಕೂ ಸಾಲೂದಿಲ್ಲ. ಅಲ್ಲಿಯ ನಿನ್ನ ಅಜ್ಜಗ ಒಂದೂವರಿ ಇಂಚಿನ ಗುರಿ ಹಿಡಿಯೂವಷ್ಟು ಪುರಸೊತ್ತೈತಿ. ಇಲ್ಲಿ ಹಂದಿ ರಾತ್ರಿ ಎರಡಕ್ಕ ಬರ್ತಾವ."

ಅವನ ಮಾತಿಗೆ ಎದುರಾಡಲಾಗಲಿಲ್ಲ. ಬ್ಯಾಟರಿಯ ಸೋಲಾರ್ ಬೇಲಿಯ ಮಾತು ತೆಗೆದೆ. ಅದು ಸೆಕೆಂಡಿಗೊಮ್ಮೆ ಕ್ಷಣ ಮಾತ್ರ ಝಾಡಿಸುತ್ತದೆ. ಹಂದಿ ಚೀರಿ ಓಡುತ್ತದೆ, ಸಾಯುವುದಿಲ್ಲ.

"ಗೊತ್ತೈತಿ ನನಗ," ಅಂದ. "ಅಷ್ಟು ಕರುಳು ಚುರ್ ಅಂದ್ರ ರೊಕ್ಕ ಕಳಸು. ನಮ್ಮ ಹೊಲಕ್ಕಷ್ಟ ಅಲ್ಲ, ಬಾಜೂದವ್ರದ್ದೂ ಹಿಡದು ಕಳಸು. ನಮ್ಮಲ್ಲಿಂದ ಓಡಿದ್ದು ಅವ್ರ ತಂತಿಗೇ ಹೋಗಿ ಬೀಳ್ತಾವ."

ಎರಡೂ ಹೊಲಕ್ಕೆ ಸೇರಿಸಿ ಎಷ್ಟಾಗುತ್ತದೆಂದು ಕೊಟೇಶನ್ ತರಿಸಲು ಅವನಿಗೇ ಹೇಳಿದ್ದೇನೆ.