ನಿಯಮ ಎಲ್ಲರಿಗೂ ಒಂದೇ ಅಂದಮೇಲೆ ಜನಾಂಗದ ಮಾತು ಯಾಕೆ?

ವಲಸೆಯ ಬಗ್ಗೆ ಬರೆದಾಗಲೆಲ್ಲ ನನ್ನನ್ನು ಕೇಳುವ ಪ್ರಶ್ನೆ ಇದು: "ವೀಸಾ ಕಾನೂನಿನಲ್ಲಿ ಯಾರ ಮೈಬಣ್ಣದ ಬಗ್ಗೆಯೂ ಒಂದಕ್ಷರ ಇರೋದಿಲ್ಲ. ನಿಯಮ ಎಲ್ಲರಿಗೂ ಒಂದೇ. ಮತ್ತೆ ಅದರಲ್ಲಿ ಜನಾಂಗದ ಮಾತು ಯಾಕೆ ತರ್ತೀರಿ?" ಕೇಳುವವರಲ್ಲಿ ಹೆಚ್ಚಿನವರದು ಕುಹಕವಲ್ಲ, ನಿಜವಾದ ಅನುಮಾನ. ಹಾಗಾಗಿ ಸ್ವಲ್ಪ ಬಿಡಿಸಿಯೇ ಹೇಳುತ್ತೇನೆ.

ಒಂದು ಜನಾಂಗವನ್ನು ಹೊರಗಿಡಬೇಕಾದರೆ ಅದರ ಹೆಸರು ಬರೆಯಲೇಬೇಕೆಂದಿಲ್ಲ. ದಕ್ಷಿಣ ಆಫ್ರಿಕಾದ ನಟಾಲ್ ವಸಾಹತು 1897ರಲ್ಲೇ ಇದನ್ನು ಮಾಡಿ ತೋರಿಸಿತು. ಭಾರತೀಯರು ಬರುವುದು ಅಲ್ಲಿನ ಬಿಳಿಯರಿಗೆ ಬೇಕಿರಲಿಲ್ಲ. ಆ ವರ್ಷದ ಜನವರಿಯಲ್ಲಿ ಡರ್ಬನ್‌ನಲ್ಲಿ ಹಡಗಿನಿಂದಿಳಿದ ಗಾಂಧಿಯವರನ್ನು ಗುಂಪೊಂದು ಹಿಡಿದು ಹೊಡೆದಿತ್ತು. ಅದರ ಹಿಂದೆ ಇದ್ದದ್ದೂ ಇದೇ ಸಿಟ್ಟು. ಆದರೆ ಭಾರತೀಯರೂ ಬ್ರಿಟಿಷ್ ಸಾಮ್ರಾಜ್ಯದ ಪ್ರಜೆಗಳೇ. ಅವರು ಬರಬಾರದು ಎಂದು ನೇರವಾಗಿ ಬರೆದರೆ ಲಂಡನ್ನಿಗೆ ಮುಜುಗರ. ಅದಕ್ಕೆ ನಟಾಲ್ ಕಂಡುಕೊಂಡ ದಾರಿ ಹೀಗಿತ್ತು: ಹೊಸದಾಗಿ ಬರುವವರು ಯಾವುದಾದರೂ ಯುರೋಪಿಯನ್ ಭಾಷೆಯಲ್ಲಿ ಅರ್ಜಿ ಬರೆದು ತೋರಿಸಬೇಕು. ಓದಲು ಎಷ್ಟು ಸಾದಾ ನಿಯಮ! ಆಗ ವಸಾಹತುಗಳ ಸಚಿವರಾಗಿದ್ದ ಜೋಸೆಫ್ ಚೇಂಬರ್ಲಿನ್ ಇದೇ ಮಾದರಿಯನ್ನು ಉಳಿದ ವಸಾಹತುಗಳ ಮುಂದೆಯೂ ಇಟ್ಟರು.

ಆಸ್ಟ್ರೇಲಿಯಾ ಇದನ್ನು ಇನ್ನೂ ಬಿಗಿ ಮಾಡಿತು. 1901ರ ಕಾನೂನಿನಲ್ಲಿ 50 ಪದಗಳ ಉಕ್ತಲೇಖನ ಪರೀಕ್ಷೆ ಬಂತು. ಯಾವ ಯುರೋಪಿಯನ್ ಭಾಷೆಯಲ್ಲಿ ಬರೆಸಬೇಕು ಅನ್ನುವುದು ಅಧಿಕಾರಿಯ ಕೈಯಲ್ಲಿತ್ತು. ಇಂಗ್ಲಿಷ್ ಬರುತ್ತದೆಯೇ? ಹಾಗಾದರೆ ಬೇರೆ ಭಾಷೆ. ಬೇಡವಾದವರು ಪಾಸಾಗುವಂತೆಯೇ ಇರಲಿಲ್ಲ. 1934ರಲ್ಲಿ ನಾಜಿಗಳ ವಿರುದ್ಧ ಮಾತಾಡಲು ಬಂದ ಎಗಾನ್ ಕಿಶ್ ಎಂಬ ಪತ್ರಕರ್ತನಿಗೆ ಹಲವು ಭಾಷೆಗಳು ಬರುತ್ತಿದ್ದವು. ಅದಕ್ಕೆ ಸ್ಕಾಟ್ಲೆಂಡಿನಲ್ಲೇ ಕೆಲವರಷ್ಟೇ ಆಡುವ ಸ್ಕಾಟಿಷ್ ಗೇಲಿಕ್ ಭಾಷೆಯಲ್ಲಿ ಪರೀಕ್ಷೆ ಕೊಟ್ಟರು! ಅಲ್ಲಿನ ಹೈಕೋರ್ಟ್ ಅದನ್ನು ಒಪ್ಪಲಿಲ್ಲ. ಆದರೂ ಆ ಪರೀಕ್ಷೆ ಕಾನೂನಿನ ಪುಸ್ತಕದಿಂದ ಹೋಗಿದ್ದು 1958ರಲ್ಲಿ.

ಕೆನಡಾ 1908ರಲ್ಲಿ ಹಿಡಿದದ್ದು ಪ್ರಯಾಣದ ದಾರಿಯನ್ನು. ಸ್ವಂತ ದೇಶದಿಂದ ಎಲ್ಲೂ ಇಳಿಯದೆ, ನೇರ ಟಿಕೆಟ್‌ನಲ್ಲಿ ಬಂದವರಿಗಷ್ಟೇ ಪ್ರವೇಶ ಅಂದರು. ಭಾರತದಿಂದ ಅಲ್ಲಿಗೆ ಹಾಗೆ ಬರುವ ದಾರಿಯೇ ಇರಲಿಲ್ಲ. 1914ರಲ್ಲಿ ಕೊಮಗಾಟ ಮಾರು ಹಡಗು 376 ಜನರನ್ನು ಹೊತ್ತು ವ್ಯಾಂಕೂವರ್ ತಲುಪಿತು. ಹೆಚ್ಚಿನವರು ಪಂಜಾಬಿನ ಸಿಖ್ಖರು. ಕೆಲವೇ ಕೆಲವರನ್ನು ಬಿಟ್ಟು ಉಳಿದವರನ್ನೆಲ್ಲ ಎರಡು ತಿಂಗಳು ಹಡಗಿನಲ್ಲೇ ಕೂರಿಸಿ ವಾಪಸ್ ಕಳಿಸಿದರು. ಕೆನಡಾದ ಪ್ರಧಾನಿ ಸಂಸತ್ತಿನಲ್ಲಿ ಕ್ಷಮೆ ಕೇಳಿದ್ದು 2016ರಲ್ಲಿ.

ಬ್ರಿಟನ್ 1968ರಲ್ಲಿ, ಕೀನ್ಯಾದಲ್ಲಿದ್ದ ಏಷ್ಯನ್ನರ ಕೈಯಲ್ಲಿ ತನ್ನದೇ ಪಾಸ್‌ಪೋರ್ಟ್ ಇದ್ದಾಗ, ಅಪ್ಪ ಅಮ್ಮ ಅಥವಾ ಅಜ್ಜ ಅಜ್ಜಿ ಬ್ರಿಟನ್ನಿನವರಾಗಿದ್ದರೆ ಮಾತ್ರ ತಡೆಯಿಲ್ಲದೆ ಬರಬಹುದು ಅಂದಿತು. ಮೂರು ದಿನದಲ್ಲಿ ಕಾನೂನು ಪಾಸಾಯಿತು. ಯಾರಿಗೆ ಅಂಥ ಅಜ್ಜ ಇದ್ದ, ಯಾರಿಗೆ ಇರಲಿಲ್ಲ ಅನ್ನುವುದು ಎಲ್ಲರಿಗೂ ಗೊತ್ತಿತ್ತು ಅಲ್ವಾ?

ಇಲ್ಲಿಯವರೆಗೆ ಹೇಳಿದ್ದೆಲ್ಲ ಬೇಕಂತಲೇ ಮಾಡಿದ ನಿಯಮಗಳು. ಇನ್ನೊಂದು ಬಗೆಯದೂ ಇದೆ, ಅದನ್ನು ತೂಗುವುದು ಕಷ್ಟ. ಅಮೆರಿಕದ ಗ್ರೀನ್ ಕಾರ್ಡ್, ಅಂದರೆ ಅಲ್ಲಿ ಕಾಯಂ ಆಗಿ ನೆಲೆಸಲು ಕೊಡುವ ಪರವಾನಗಿ, ನೋಡಿ. 1924ರ ಅಲ್ಲಿನ ಕಾನೂನು 1890ರ ಜನಗಣತಿಯ ಲೆಕ್ಕದ ಮೇಲೆ ದೇಶವಾರು ಕೋಟಾ ಹಂಚಿತ್ತು. 1920ರ ಗಣತಿ ಕೈಯಲ್ಲಿದ್ದರೂ ಹಳೆಯದನ್ನೇ ಆರಿಸಿದ್ದು ಯಾಕೆಂದರೆ, ಇಟಲಿ ಮತ್ತು ಪೂರ್ವ ಯುರೋಪಿನವರು ಹೆಚ್ಚಾಗಿ ಬಂದದ್ದು 1890ರ ನಂತರ. ಏಷ್ಯನ್ನರಿಗಂತೂ ಬಾಗಿಲೇ ಮುಚ್ಚಿತ್ತು. 1965ರಲ್ಲಿ ಈ ಕೋಟಾ ಪದ್ಧತಿಯನ್ನು ತೆಗೆದುಹಾಕಿದರು. ದೊಡ್ಡ ಕೆಲಸ ಅದು. ಇನ್ನು ಮುಂದೆ ಯಾವ ದೇಶವೂ ಮೇಲಲ್ಲ, ಕೆಳಗಲ್ಲ ಅನ್ನುವ ಆಸೆಯಿಂದಲೇ ದೇಶಗಳಿಗೆ ಒಂದೇ ಮಿತಿ ಹಾಕಿದರು (ಅಮೆರಿಕ ಖಂಡಗಳ ದೇಶಗಳಿಗೆ ಅದು 1976ರಲ್ಲಿ ಬಂತು). ಈಗ ಉದ್ಯೋಗದ ಮೇಲೆ ವರ್ಷಕ್ಕೆ ಸುಮಾರು 1,40,000 ಗ್ರೀನ್ ಕಾರ್ಡ್ ಕೊಡುತ್ತಾರೆ. ಒಂದು ದೇಶದಲ್ಲಿ ಹುಟ್ಟಿದವರಿಗೆ ಸಾಮಾನ್ಯವಾಗಿ ಶೇ. 7ಕ್ಕಿಂತ ಜಾಸ್ತಿ ಸಿಗುವಂತಿಲ್ಲ. ನಾಲ್ಕು ಲಕ್ಷ ಜನರೂ ಇಲ್ಲದ ಐಸ್‌ಲ್ಯಾಂಡಿಗೂ, 140 ಕೋಟಿ ದಾಟಿದ ಭಾರತಕ್ಕೂ ಅದೇ ಮಿತಿ. ಗಮನಿಸಿ, ಹುಟ್ಟಿದ ದೇಶ. ಭಾರತದಲ್ಲಿ ಹುಟ್ಟಿ ಕೆನಡಾದ ಪೌರತ್ವ ಪಡೆದವರೂ ಭಾರತದ ಸರತಿಯಲ್ಲೇ ನಿಲ್ಲಬೇಕು.

ಇದು ಭಾರತೀಯರ ಮೇಲಿನ ದ್ವೇಷದಿಂದ ಬಂದ ನಿಯಮ ಎಂದು ನಾನು ಹೇಳುವುದಿಲ್ಲ. ಹಾಗೆ ಹೇಳಿದರೆ 1965ರ ಜನರಿಗೆ ಅನ್ಯಾಯ ಮಾಡಿದಂತೆ. ಆದರೆ ಆಗುತ್ತಿರುವುದೇನು? ಒಂದೇ ಆಫೀಸಿನಲ್ಲಿ, ಒಂದೇ ಕೆಲಸ ಮಾಡುವ ಇಬ್ಬರು. ಒಬ್ಬರಿಗೆ ಬೇಗ ಕಾರ್ಡ್ ಸಿಗುತ್ತದೆ, ಇನ್ನೊಬ್ಬರು ಹತ್ತಾರು ವರ್ಷ ಕಾಯುತ್ತಾರೆ. ಅವರ ಜೊತೆ ಪುಟ್ಟ ವಯಸ್ಸಿನಲ್ಲಿ ಬಂದ ಮಕ್ಕಳಿಗೆ 21 ತುಂಬಿದರೆ ಅಪ್ಪ ಅಮ್ಮನ ಅರ್ಜಿಯಿಂದಲೇ ಹೊರಬೀಳುವ ಭಯ. ಉದ್ದೇಶ ಒಳ್ಳೆಯದಿತ್ತು ಅನ್ನುವುದು ಆ ಮಕ್ಕಳಿಗೆ ಯಾವ ಸಮಾಧಾನ? ನಿಯಮ ಮಾಡಿದವರ ಮನಸ್ಸು ಹೇಗಿತ್ತು ಎಂದು ಹುಡುಕುತ್ತಾ ಕೂರುವುದಕ್ಕಿಂತ, ಅದು ಯಾರನ್ನು ತಡೆದು ನಿಲ್ಲಿಸಿದೆ ಎಂದು ಎಣಿಸಿ ನೋಡುವುದೇ ಸರಿ. ಜನಾಂಗದ ಮಾತು ತರುವುದು ಇದಕ್ಕೇ.

ಎಣಿಸದಿದ್ದರೆ ಏನಾಗುತ್ತದೆ ಎನ್ನುವುದಕ್ಕೆ ಇಂಗ್ಲೆಂಡಿನ ಬಾಡಿಗೆ ನಿಯಮ ಇದೆ. 2014ರ ವಲಸೆ ಕಾನೂನಿನ ಪ್ರಕಾರ ಬಾಡಿಗೆಗೆ ಬರುವವರ ದಾಖಲೆಗಳನ್ನು ಮನೆ ಮಾಲೀಕರೇ ಪರಿಶೀಲಿಸಬೇಕು. ತಪ್ಪಿದರೆ ದಂಡ. ಕಾನೂನು ಎಲ್ಲರ ದಾಖಲೆಯನ್ನೂ ನೋಡಿ ಎನ್ನುತ್ತದೆ. ಆದರೆ ದಂಡಕ್ಕೆ ಹೆದರಿದ ಮಾಲೀಕರು ಏನು ಮಾಡುತ್ತಾರೆ? ವಿದೇಶಿ ಹೆಸರು ಕಂಡರೆ ಮನೆ ಖಾಲಿ ಇಲ್ಲ ಅಂದುಬಿಡುತ್ತಾರೆ. ಅಲ್ಲೇ ಹುಟ್ಟಿ ಬೆಳೆದವರೂ ಇದಕ್ಕೆ ಸಿಕ್ಕಿಬೀಳುತ್ತಾರೆ. ಈ ನಿಯಮದಿಂದ ತಾರತಮ್ಯ ಆಗುತ್ತಿದೆ ಎಂದು 2019ರಲ್ಲಿ ಹೈಕೋರ್ಟ್ ಹೇಳಿತು. 2020ರಲ್ಲಿ ಮೇಲ್ಮನವಿ ಕೋರ್ಟ್, ಕೆಲವು ಮಾಲೀಕರು ತಾರತಮ್ಯ ಮಾಡುತ್ತಿರುವುದು ನಿಜ ಎಂದು ಒಪ್ಪಿತು, ಆದರೂ ನಿಯಮವನ್ನು ಉಳಿಸಿತು. ಈ ತೀರ್ಪು ನನಗೆ ಒಪ್ಪಿಗೆಯಿಲ್ಲ. ಗಡಿಯಲ್ಲಿ ತರಬೇತಾದ ಅಧಿಕಾರಿ ಮಾಡಬೇಕಾದ ಕೆಲಸವನ್ನು ಬೀದಿಯ ಮನೆ ಮಾಲೀಕರಿಗೆ ಹೊರಿಸಿದರೆ, ಅವರು ಮುಖ ನೋಡಿ ತೀರ್ಮಾನ ಮಾಡುತ್ತಾರೆ ಎಂಬುದು ಮೊದಲೇ ತಿಳಿಯಬೇಕಿತ್ತು.

"ಹಾಗಾದ್ರೆ ಯಾರು ಬೇಕಾದ್ರೂ ಬರಲಿ ಅಂತೀರಾ?" ಇದು ಇದರ ಬೆನ್ನಿಗೇ ಬರುವ ಪ್ರಶ್ನೆ. ಇಲ್ಲ, ಹಾಗೆ ಹೇಳುತ್ತಿಲ್ಲ. ವರ್ಷಕ್ಕೆ ಎಷ್ಟು ಜನರನ್ನು ಸೇರಿಸಿಕೊಳ್ಳಬೇಕು, ಯಾವ ಕೆಲಸದವರು ಬೇಕು ಎಂದು ತೀರ್ಮಾನಿಸುವ ಹಕ್ಕು ಪ್ರತಿ ದೇಶಕ್ಕೂ ಇದೆ. ಅದನ್ನು ಮುಚ್ಚುಮರೆ ಇಲ್ಲದೆ ಮಾಡಲಿ ಎನ್ನುವುದಷ್ಟೇ ನನ್ನ ಒತ್ತಾಯ. ಹಡಗನ್ನು ವಾಪಸ್ ಕಳಿಸಿದ್ದ ಅದೇ ಕೆನಡಾ 1967ರಲ್ಲಿ ಅಂಕಗಳ ಪದ್ಧತಿ ತಂದಿತು. ಓದು, ವಯಸ್ಸು, ಭಾಷೆ, ಕೆಲಸದ ಕೌಶಲ, ಒಂದೊಂದಕ್ಕೂ ಇಂತಿಷ್ಟು ಅಂಕ. ಪದ್ಧತಿ ಆಮೇಲೆ ಎಷ್ಟೋ ಸಲ ಬದಲಾಗಿದೆ, ಕೊರತೆಗಳೂ ಇವೆ. ಆದರೆ ಅರ್ಜಿ ಹಾಕುವವರು ಮನೆಯಲ್ಲೇ ಕೂತು ತಮ್ಮ ಅಂಕ ಕೂಡಿಸಿ ನೋಡಬಹುದು. ಕಡಿಮೆ ಬಿದ್ದರೆ ಎಲ್ಲಿ ಕಡಿಮೆ ಬಿತ್ತು ಅಂತ ಗೊತ್ತಾಗುತ್ತದೆ, ಇನ್ನೊಂದು ವರ್ಷ ಓದಿ ಮತ್ತೆ ಅರ್ಜಿ ಹಾಕಬಹುದು.