ಅಜ್ಜಿಯ ಬೆಚ್ಚಗಿನ ಬದಿ ಎಲ್ಲಿ?

ಇಂಗ್ಲೆಂಡಿನ ಲೀಡ್ಸ್‌ನಲ್ಲಿ ನಮ್ಮ ಮನೆಗೂ ಪಕ್ಕದ ಮನೆಗೂ ನಡುವೆ ಇರುವುದು ಒಂದೇ ಗೋಡೆ. ಆ ಗೋಡೆಯ ಆಚೆ ಒಂದು ಕೋಣೆ ತುಂಬ ಹೆಬ್ಬಾವುಗಳಿವೆ. ಊರಿಗೆ ಫೋನ್ ಮಾಡಿದಾಗ ಮಳೆ, ಮಂಜು, ಮಗನ ಶಾಲೆ ಎಲ್ಲ ಹೇಳುತ್ತಿದ್ದೆ, ಇದೊಂದನ್ನು ಮಾತ್ರ ಹೇಳುತ್ತಿರಲಿಲ್ಲ. ಈ ಚಳಿಗಾಲ ಅಮ್ಮ ತೀರ್ಥಹಳ್ಳಿಯಿಂದ ಇಲ್ಲಿಗೆ ಬಂದಮೇಲೆ ಮುಚ್ಚಿಡಲು ಆಗಲಿಲ್ಲ. ಪಕ್ಕದ ಮನೆಯ ಪುಟ್ಟ ಹುಡುಗಿ ಹೊಸಬರು ಯಾರೇ ಬರಲಿ, ಮೊದಲು ಹೇಳುವುದು ಹಾವಿನ ಸುದ್ದಿಯನ್ನೇ. ನನ್ನ ಮಗನಿಂದ ಕಲಿತು ಅವಳೂ ಅಮ್ಮನನ್ನು 'ಅಜ್ಜಿ' ಅಂತಲೇ ಕರೆಯುತ್ತಾಳೆ. ಅಜ್ಜಿಗೆ ಇಂಗ್ಲಿಷ್ ಬರುವುದಿಲ್ಲ, ಅವಳಿಗೆ ಕನ್ನಡ ಬರುವುದಿಲ್ಲ. ನಡುವೆ ನಾನು.

ಹೆಬ್ಬಾವು ಅಂದ ಕೂಡಲೇ ನಮ್ಮ ಕಾಡಿನ ಹೆಬ್ಬಾವು ಕಣ್ಣ ಮುಂದೆ ಬರುತ್ತದೆ, ಅಲ್ವಾ? ಇವು ಅಷ್ಟು ದೊಡ್ಡವಲ್ಲ. ಇಲ್ಲಿ ರಾಯಲ್ ಪೈಥಾನ್ ಅನ್ನುತ್ತಾರೆ, ಅಮೆರಿಕದವರಿಗೆ ಇದು ಬಾಲ್ ಪೈಥಾನ್. ಹೆದರಿದರೆ ತಲೆಯನ್ನು ಒಳಗಿಟ್ಟು ಉಂಡೆಯಾಗಿ ಸುತ್ತಿಕೊಂಡುಬಿಡುತ್ತದೆ. ಘಾನಾ, ಟೋಗೋ, ಬೆನಿನ್ ಕಡೆಯ ಹಾವು. ನಾಲ್ಕೈದು ಅಡಿ ಉದ್ದ, ವಿಷ ಇಲ್ಲ. ಇಲ್ಲಿ ಇದನ್ನು ಸಾಕಲು ಲೈಸೆನ್ಸ್ ಕೂಡ ಬೇಡ. ಇಲ್ಲಿನ 1976ರ ಅಪಾಯಕಾರಿ ಕಾಡುಪ್ರಾಣಿಗಳ ಕಾಯ್ದೆಯ ಪ್ರಕಾರ ಲೈಸೆನ್ಸ್ ಬೇಕಾಗುವುದು ನಾಗರ, ಕಾಳಿಂಗದಂಥವಕ್ಕೆ. ನಮ್ಮಲ್ಲಾದರೆ 1972ರ ವನ್ಯಜೀವಿ ಕಾಯ್ದೆಯ ಮೊದಲ ಪಟ್ಟಿಯಲ್ಲೇ ಹೆಬ್ಬಾವು ಇದೆ. ಮನೆಯಲ್ಲಿ ಇಟ್ಟುಕೊಂಡರೆ ಜೈಲು.

ಹುಡುಗಿಯ ಅಪ್ಪ ಬಸ್ ಡ್ರೈವರ್. ಹಾವು ಸಾಕುವುದು, ಮರಿ ಮಾಡಿಸುವುದು ಅವನ ಹುಚ್ಚು. ಒಂದು ಶನಿವಾರ ಮಧ್ಯಾಹ್ನ ಅಮ್ಮನನ್ನೂ ನನ್ನನ್ನೂ ಒಳಗೆ ಕರೆದ. ಅಮ್ಮ ಬಾಗಿಲಲ್ಲೇ ನಿಂತು ಕೈ ಮುಗಿದರು. ಆಮೇಲೆ ಒಳಗೆ ಕಾಲಿಟ್ಟವರು, "ಅಬ್ಬ, ಎಷ್ಟು ಬೆಚ್ಚಗಿದೆಯೇ ಮಾರಾಯ್ತಿ" ಅಂದರು. ಹಾವಿನ ಬಗ್ಗೆ ಒಂದು ಮಾತೂ ಇಲ್ಲ.

ಬೆಚ್ಚಗಿರದೆ ಏನು? ಇಡೀ ಕೋಣೆಯನ್ನೇ 25 ಡಿಗ್ರಿಗೆ ಇಟ್ಟಿದ್ದಾನೆ. ಪ್ರತಿ ಪೆಟ್ಟಿಗೆಯ ಒಂದು ತುದಿಯ ಅಡಿಯಲ್ಲಿ ಬಿಸಿ ಮಾಡುವ ಪಟ್ಟಿ. ಆ ತುದಿಯಲ್ಲಿ 31ರಿಂದ 32. ಇನ್ನೊಂದು ತುದಿ ಕೋಣೆಯಷ್ಟೇ, 25, 26. ಎರಡೂ ತುದಿಯಲ್ಲಿ ಹಾವು ಅಡಗಿಕೊಳ್ಳಲು ಒಂದೊಂದು ಬೋರಲು ಡಬ್ಬಿ. ಹುಡುಗಿ ಪಿಸ್ತೂಲಿನಂಥ ಒಂದು ಥರ್ಮಾಮೀಟರ್ ಹಿಡಿದು ಒಂದೊಂದೇ ಪೆಟ್ಟಿಗೆಗೆ ಕೆಂಪು ಚುಕ್ಕಿ ಬಿಟ್ಟು ಅಂಕಿ ಓದುತ್ತಾ ಹೋದಳು. ಶಾಲೆಯಲ್ಲಿ ಮಗ್ಗಿ ಒಪ್ಪಿಸುವಾಗಲೂ ಅಷ್ಟು ಗಂಭೀರವಾಗಿ ಇರುತ್ತಾಳೋ ಇಲ್ಲವೋ.

ಹಾವಿಗೆ ನಮ್ಮ ಹಾಗೆ ಒಳಗಿನಿಂದ ಬಿಸಿ ಇಲ್ಲ. ಬೇಕಾದ ಬಿಸಿಯನ್ನು ಹೊರಗಿನಿಂದ ತೆಗೆದುಕೊಳ್ಳಬೇಕು. ಇಲಿ ನುಂಗಿದ ಮೇಲೆ ಬಿಸಿ ತುದಿಗೆ ಹೋಗಿ ಮಲಗುತ್ತದೆ, ಇಲ್ಲದಿದ್ದರೆ ಅರಗುವುದಿಲ್ಲ. ಜಾಸ್ತಿ ಚಳಿಯಾದರೆ ನುಂಗಿದ್ದನ್ನು ಹೊರಗೆ ಹಾಕುತ್ತದೆ. ಬಹಳ ದಿನ ತಂಪಿನಲ್ಲೇ ಬಿದ್ದಿದ್ದರೆ ಊಟ ಬಿಡುತ್ತದೆ, ಉಸಿರಾಟದ ಕಾಯಿಲೆ ಹಿಡಿದು ಬಾಯಲ್ಲಿ ಗುಳ್ಳೆ ಬರುತ್ತದೆ. ಹಾಗಂತ ಬಿಸಿ ಏರಿಸುತ್ತಾ ಹೋದರೂ ಕಷ್ಟ. 35 ದಾಟಿದರೆ ಜೀವಕ್ಕೇ ಅಪಾಯ. ಬಿಸಿಯನ್ನು ಮಿತಿಯಲ್ಲಿಡುವ ಥರ್ಮೋಸ್ಟಾಟ್ ಇಲ್ಲದೆ ಬಿಸಿ ಪಟ್ಟಿ ಹಾಕಿದರೆ ಹಾವು ಅದರ ಮೇಲೇ ಮಲಗಿ ಹೊಟ್ಟೆ ಸುಟ್ಟುಕೊಳ್ಳುತ್ತದೆ, ಸುಡುತ್ತಿದೆ ಅಂತ ಎದ್ದೂ ಹೋಗುವುದಿಲ್ಲ. ಅದಕ್ಕೇ ಪಕ್ಕದ ಮನೆಯವನು ಒಂದೇ ಮಾತನ್ನು ಮತ್ತೆ ಮತ್ತೆ ಹೇಳುತ್ತಾನೆ: ಸರಿಯಾದ ಡಿಗ್ರಿ ಅಂತ ಒಂದು ಇಲ್ಲ. ಎರಡು ಬದಿ ಕೊಡಿ, ಎಲ್ಲಿರಬೇಕು ಅಂತ ಹಾವು ನೋಡಿಕೊಳ್ಳುತ್ತದೆ.

ಮರಿ ಮಾಡಿಸುವ ಲೆಕ್ಕ ಇನ್ನೂ ನಾಜೂಕು. ನವೆಂಬರ್ ಬಂತೆಂದರೆ ರಾತ್ರಿ ಹೊತ್ತು ಒಂದೆರಡು ಡಿಗ್ರಿ ಮಾತ್ರ ಇಳಿಸುತ್ತಾನೆ. 24ರ ಹತ್ತಿರಕ್ಕೆ, ಅದಕ್ಕಿಂತ ಕೆಳಗೆ ಬಿಡುವುದಿಲ್ಲ. ಹಗಲಲ್ಲಿ ಬಿಸಿ ತುದಿ ಎಂದಿನಂತೆ. ಆಮೇಲೆ ಗಂಡನ್ನು ಹೆಣ್ಣಿನ ಪೆಟ್ಟಿಗೆಗೆ ಬಿಡುವುದು. ಮೊಟ್ಟೆ ಕಟ್ಟಿದ ಹೆಣ್ಣು ಬಿಸಿ ತುದಿ ಬಿಟ್ಟು ಏಳುವುದೇ ಕಡಿಮೆ. ಆರೇಳು ಮೊಟ್ಟೆ ಇಡುತ್ತದೆ. ಅವನ್ನು ತೆಗೆದು ಪೆನ್ಸಿಲ್‌ನಲ್ಲಿ ಮೇಲ್ಗಡೆ ಒಂದು ಗುರುತು ಹಾಕಿ, ವರ್ಮಿಕ್ಯುಲೈಟ್ ಎಂಬ, ನೀರು ಹಿಡಿದಿಡುವ ಖನಿಜದ ಒದ್ದೆ ಪುಡಿ ತುಂಬಿದ ಡಬ್ಬಿಯಲ್ಲಿಟ್ಟು ಕಾವಿನ ಪೆಟ್ಟಿಗೆಗೆ ಸೇರಿಸುತ್ತಾನೆ. ಕೋಳಿಮೊಟ್ಟೆಯ ಹಾಗೆ ಇವನ್ನು ತಿರುಗಿಸಬಾರದು, ಒಳಗಿನ ಮರಿ ಉಸಿರುಗಟ್ಟಿ ಸಾಯಬಹುದು. ಅದಕ್ಕೇ ಆ ಗುರುತು. ಕಾವು 31ರಿಂದ 32. ಸುಮಾರು ಎರಡು ತಿಂಗಳಿಗೆ ಮರಿ ಮೂತಿ ಹೊರಗೆ ಹಾಕುತ್ತದೆ. ಕಾವು ಕಡಿಮೆಯಾದರೆ ತಡ. ಜಾಸ್ತಿಯಾದರೆ ಬೆನ್ನು ಸೊಟ್ಟಗಾದ ಮರಿ, ಇಲ್ಲವೇ ಮೊಟ್ಟೆಯಲ್ಲೇ ಸಾವು.

ಬಣ್ಣದ ಆಸೆಗೆ ಮಾಡಿಸುವ ಒಂದು ತಳಿ ಇದೆ, ಸ್ಪೈಡರ್ ಅಂತ. ಹುಟ್ಟಿದಾಗಿನಿಂದ ತಲೆ ಓಲಾಡುತ್ತಿರುತ್ತದೆ. ಅದನ್ನು ತಾನು ಮಾಡಿಸುವುದಿಲ್ಲ ಅಂದ. ಕೇಳಿ ಸಮಾಧಾನವಾಯಿತು. ಚೆಂದ ಕಾಣಲಿ ಅಂತ ಒಂದು ಜೀವಕ್ಕೆ ಹುಟ್ಟಿನಲ್ಲೇ ತಲೆ ತಿರುಗಿಸುವುದು ನನಗಂತೂ ಒಪ್ಪಿಗೆಯಾಗುವುದಿಲ್ಲ.

ಅಮ್ಮನ ಪ್ರಶ್ನೆ ಬೇರೆಯದಾಗಿತ್ತು. "ಮೊಟ್ಟೆ ತಾಯಿ ಹತ್ರವೇ ಇದ್ರೆ ಏನಾಗ್ತಿತ್ತಂತೆ?" ಏನೂ ಆಗುತ್ತಿರಲಿಲ್ಲ. ತಾಯಿ ಮೊಟ್ಟೆಯನ್ನು ಸುತ್ತಿಕೊಂಡು ಅಷ್ಟು ದಿನವೂ ಉಪವಾಸ ಮಲಗಿರುತ್ತದೆ, ಅಷ್ಟೇ. ಅವನು ಬೇರೆ ಮಾಡುವುದು ಅದು ಬೇಗ ಊಟಕ್ಕೆ ಬರಲಿ ಅಂತ. ಆದರೆ ನಮ್ಮ ಕಡೆಯ ಹೆಬ್ಬಾವು ಇನ್ನೂ ಒಂದು ಹೆಜ್ಜೆ ಮುಂದೆ. ಅದು ಮೊಟ್ಟೆ ಸುತ್ತಿಕೊಂಡು ಮೈ ನಡುಗಿಸುತ್ತದೆ. ಸ್ನಾಯುಗಳನ್ನು ಅದುರಿಸಿ ಅದುರಿಸಿ ತಾನೇ ಬಿಸಿ ಹುಟ್ಟಿಸಿ ಮೊಟ್ಟೆಗೆ ಕೊಡುತ್ತದೆ. ಭಾರತದಲ್ಲಿ ಓಡಾಡಿ ಬಂದ ಲಮಾರ್ ಪಿಕೊ ಎಂಬ ಫ್ರೆಂಚ್ ಪ್ರವಾಸಿ 1832ರಲ್ಲಿ ಇದನ್ನು ಪ್ಯಾರಿಸ್‌ನ ಪಂಡಿತರಿಗೆ ಹೇಳಿದ. ತಣ್ಣನೆ ರಕ್ತದ ಹಾವು ಕಾವು ಕೊಡುವುದೇ ಅಂತ ಯಾರೂ ನಂಬಲಿಲ್ಲ. 1841ರಲ್ಲಿ ಅದೇ ಪ್ಯಾರಿಸ್‌ನ ಪ್ರಾಣಿಸಂಗ್ರಹದಲ್ಲಿ ಒಂದು ಹೆಬ್ಬಾವು ಮೊಟ್ಟೆ ಇಟ್ಟಾಗ ವಾಲೆನ್ಸಿಯೆನ್ ಎಂಬ ವಿಜ್ಞಾನಿ ಥರ್ಮಾಮೀಟರ್ ಇಟ್ಟು ಅಳೆದು, ಅದು ನಿಜವೆಂದು ತೋರಿಸಿದ. ಇದನ್ನು ಕೇಳಿ ಅಮ್ಮ, "ಹೆತ್ತವಳನ್ನು ಕೇಳಿದ್ರೆ ಹೇಳ್ತಿದ್ಲು, ಅಳೆಯೋದೇನು ಬಂತು" ಅಂದರು.

ಮರುದಿನ ಹುಡುಗಿ ನಮ್ಮ ಮನೆಗೆ ಬಂದಳು, ಕೈಯಲ್ಲಿ ಅದೇ ಪಿಸ್ತೂಲು. ಅಡಿಗೆಮನೆ, ಮೆಟ್ಟಿಲು, ನನ್ನ ಮಗನ ಕೋಣೆ, ಎಲ್ಲ ಕಡೆ ಚುಕ್ಕಿ ಬಿಟ್ಟು ನೋಡಿದಳು. ಎಲ್ಲ ಕಡೆ 18. ಹಾಲ್‌ನಲ್ಲಿ ಅಮ್ಮ ಎರಡು ಸ್ವೆಟರ್, ಒಂದು ಶಾಲು, ತಲೆಗೆ ಮಫ್ಲರ್ ಸುತ್ತಿಕೊಂಡು ಕೂತಿದ್ದರು. ಹುಡುಗಿ ಸೋಫಾದ ಆಚೆ ತುದಿ ಅಳೆದಳು, ಈಚೆ ತುದಿ ಅಳೆದಳು. ನನ್ನ ಕಡೆ ತಿರುಗಿ ಕೇಳಿದಳು: "ಅಜ್ಜಿಯ ಬೆಚ್ಚಗಿನ ಬದಿ ಎಲ್ಲಿ?"

ನನ್ನ ಬಳಿ ಉತ್ತರವೇನೋ ಇತ್ತು. 2022ರಲ್ಲಿ ಇಲ್ಲಿ ಗ್ಯಾಸ್, ಕರೆಂಟಿನ ಬೆಲೆ ಏರಿದ ಮೇಲೆ ಬೀದಿಗೆ ಬೀದಿಯೇ 18ಕ್ಕೆ ಇಳಿದಿದೆ. ಮನೆಯೊಳಗೆ ಕನಿಷ್ಠ 18 ಇರಲಿ ಎಂದು ವಿಶ್ವ ಆರೋಗ್ಯ ಸಂಸ್ಥೆಯೇ 2018ರಲ್ಲಿ ಹೇಳಿದೆ. ವಯಸ್ಸಾದವರಿಗೆ ಅದಕ್ಕಿಂತ ಜಾಸ್ತಿ ಬೇಕಾಗಬಹುದು ಅಂತಲೂ ಅದೇ ಹೇಳಿದೆ. ಆ ಸಾಲು ಮಾತ್ರ ನಮ್ಮ ಬೀದಿಯವರ ಬಾಯಲ್ಲಿ ಬರುವುದಿಲ್ಲ. ಇದನ್ನೆಲ್ಲ ಒಂದು ಮಗುವಿಗೆ ಹೇಗೆ ಹೇಳುವುದು? ಅವಳು ಏನು ಕೇಳಿದಳು ಅಂತ ಅಮ್ಮ ವಿಚಾರಿಸಿದರು. ಹೇಳಿದೆ. ಅಮ್ಮ ಜೋರಾಗಿ ನಕ್ಕರು. "ಅದು ತೀರ್ಥಹಳ್ಳಿಯಲ್ಲಿ ಬಿಟ್ಟು ಬಂದೆ ಅಂತ ಹೇಳು."

ನಿಜ. ಊರಲ್ಲಿ ಅಮ್ಮ ಚಳಿಗಾಲದ ದಿನ ಕಳೆಯುತ್ತಿದ್ದುದು ಥೇಟ್ ಆ ಹಾವುಗಳ ಹಾಗೆಯೇ. ಬೆಳಗಿನ ಕಾಫಿ ಬಚ್ಚಲೊಲೆಯ ಮುಂದೆ. ಹಂಡೆಯ ಮಸಿ ಸೆರಗಿಗೆ ತಾಗದಂತೆ ಒಂದು ಕಡೆ ಒರಗಿ, ಅಡಿಕೆ ಸಿಪ್ಪೆ ಒಂದೊಂದೇ ಮುಷ್ಟಿ ಒಲೆಗೆ ತಳ್ಳುತ್ತಾ ಕೂರುತ್ತಿದ್ದರು. ಬಿಸಿಲು ಏರಿದ ಮೇಲೆ ಅಂಗಳಕ್ಕೆ, ಹರವಿದ ಅಡಿಕೆಯ ಪಕ್ಕಕ್ಕೆ. ಮಧ್ಯಾಹ್ನ ಮತ್ತೆ ಜಗಲಿಯ ತಂಪಿಗೆ. ಸುಗ್ಗಿ ಇದ್ದರೆ ಸಂಜೆ ಅಡಿಕೆ ಬೇಯಿಸುವ ಒಲೆಯ ಹತ್ತಿರ. ಚೊಗರಿನ ಒಗರು ವಾಸನೆ ಸೀರೆಗೆಲ್ಲ ಹಿಡಿದಿರುತ್ತಿತ್ತು. ಎಲ್ಲಿ ಕೂರಬೇಕು ಅಂತ ಯಾರೂ ಹೇಳುತ್ತಿರಲಿಲ್ಲ. ಮೈ ಹೇಳುತ್ತಿತ್ತು, ಹೋಗುತ್ತಿದ್ದರು.

ತೋಟದ ಕೆಳಗಿನ ಹಳ್ಳದ ಬಂಡೆ ಮೇಲೆ ಚಳಿಗಾಲದಲ್ಲಿ ಹೆಬ್ಬಾವೂ ಬಿಸಿಲಿಗೆ ಬರುತ್ತಿತ್ತು. ಕೆಲಸದವರು ಕತ್ತಿ ಹಿಡಿದು ಹೋದರೆ ಅಪ್ಪ ತಡೆಯುತ್ತಿದ್ದರು. "ಬಿಸಿಲು ಕಾಯಿಸ್ಲಿ ಬಿಡಿ, ಅದ್ರ ಪಾಡಿಗೆ ಅದು ಹೋಗ್ತದೆ." ಹೋಗುತ್ತಿತ್ತು ಕೂಡ. ಭರತಪುರದ ಕೇವಲಾದೇವ್ ಉದ್ಯಾನದಲ್ಲಿ ಮುಳ್ಳುಹಂದಿಯ ಬಿಲದಿಂದ ಹೊರಬಂದು ಬಿಸಿಲಿಗೆ ಮಲಗುವ ಹೆಬ್ಬಾವುಗಳನ್ನು ನೋಡಲು ಜನ ಕ್ಯಾಮೆರಾ ಹಿಡಿದು ಹೋಗುತ್ತಾರೆ. ನಮ್ಮ ಕಡೆ ಈಗ ಹೆಬ್ಬಾವು ಕಂಡರೆ ಬಾಲ ಹಿಡಿದು ಎಳೆದು, ಕುತ್ತಿಗೆಗೆ ಹಾರ ಹಾಕಿಕೊಂಡು ವಿಡಿಯೋ. ಆಗುಂಬೆಯಂಥ ಆಗುಂಬೆ ಇರುವ ತಾಲ್ಲೂಕು ನಮ್ಮದು. ಎಲೆ ಗುಡ್ಡೆ ಹಾಕಿ ಮೊಟ್ಟೆಗೆ ಗೂಡು ಕಟ್ಟುವ ಕಾಳಿಂಗವನ್ನು ನೋಡಲು ದೇಶ ವಿದೇಶದಿಂದ ಬರುತ್ತಾರೆ. ನಾಗರಪಂಚಮಿ ದಿನ ಹುತ್ತಕ್ಕೆ ಹಾಲೂ ಹೊಯ್ಯುತ್ತೇವೆ. ಬಿಸಿಲಿಗೆ ಬಂದ ಒಂದು ಹಾವನ್ನು ಸುಮ್ನೆ ಬಿಡುವುದು ಮಾತ್ರ ನಮ್ಮ ಕೈಲಿ ಆಗುವುದಿಲ್ಲ.

ಅಮೆರಿಕದ ಸೇಂಟ್ ಲೂಯಿಸ್ ಮೃಗಾಲಯದಲ್ಲಿ ಪಕ್ಕದ ಮನೆಯ ಹಾವುಗಳ ಜಾತಿಯದೇ ಒಂದು ಹೆಣ್ಣು ಹಾವು 2020ರಲ್ಲಿ ಏಳು ಮೊಟ್ಟೆ ಇಟ್ಟಿತು. ವಯಸ್ಸು 62ರ ಮೇಲೆ. ಗಂಡಿನ ಮುಖ ನೋಡಿ 15 ವರ್ಷ ದಾಟಿತ್ತು. ಪಕ್ಕದ ಮನೆಯವನು ಹೇಳಿದ ಈ ಸುದ್ದಿಯನ್ನು ಅಮ್ಮನಿಗೆ ದಾಟಿಸಿದರೆ, "ಚೆನ್ನಾಗಿ ನೋಡಿಕೊಂಡಿದಾರೆ ಬಿಡು" ಅಂತ ಒಂದೇ ಮಾತು.

ಆ ವಾರವೇ ಅಮ್ಮನ ಕೋಣೆಗೆ ಎಣ್ಣೆಯ ಹೀಟರ್ ತಂದಿಟ್ಟೆ, ಅದಕ್ಕೆ ಅದರದೇ ಥರ್ಮೋಸ್ಟಾಟ್. ಹುಡುಗಿ ಬಂದು ಅಳೆದಳು. 23. ತಲೆ ಆಡಿಸಿದಳು. ಬಾಗಿಲು ತೆಗೆದೇ ಇಡಿ, ಅಜ್ಜಿಗೆ ಸೆಕೆಯಾದರೆ ಹೊರಗೆ ಬರಬೇಕಲ್ಲ ಅಂತ ತಾಕೀತು ಬೇರೆ. ಆದರೂ ಅಮ್ಮನಿಗೆ ಮಧ್ಯಾಹ್ನ ಒಬ್ಬರೇ ಕೂರುವುದು ಬೇಜಾರು. ಪಕ್ಕದ ಮನೆಯವನ ಹೆಂಡತಿ ಹಗಲು ಮನೆಯಲ್ಲೇ ಇರುತ್ತಾಳೆ. ಅಮ್ಮ ಹತ್ತಿ ಡಬ್ಬಿ ಹಿಡಿದು ಅವರ ಮನೆಗೆ ಹೋಗಿ, ಹಾವಿನ ಕೋಣೆಯಲ್ಲಿ ಕುರ್ಚಿ ಹಾಕಿಸಿಕೊಂಡು ಬತ್ತಿ ಹೊಸೆಯುತ್ತಾರೆ. ಆ ತಾಯಿಗೂ ಹೂಬತ್ತಿ ಕಲಿಸಿದ್ದಾರೆ. ಅವಳು ಮಾಡಿದ ಬತ್ತಿಯ ತುದಿ ನಿಲ್ಲುವುದಿಲ್ಲ ಅಂತ ನನ್ನ ಹತ್ತಿರ ದೂರು.

ಭಾನುವಾರ ಅಣ್ಣ ವಿಡಿಯೋ ಕಾಲ್ ಮಾಡಿದಾಗ ಈ ವಿಷಯ ಬಾಯಿ ತಪ್ಪಿ ಬಂತು. ಅವನು ಕಂಗಾಲು. "ಅಮ್ಮನ್ನ ಹಾವಿನ ಮಧ್ಯೆ ಕೂರಿಸಿದ್ದೀಯಾ? ಕಳಿಸಿಬಿಡು, ಇಲ್ಲಿ ಯಾವ ಚಳೀನೂ ಇಲ್ಲ." ಅಮ್ಮ ಫೋನ್ ಇಸಿದುಕೊಂಡರು.

"ಎಲ್ಲಿ ಕೂರ್ಲಿ ಅಲ್ಲಿ? ಬಚ್ಚಲೊಲೆ ಒಡ್ಸಿ ಗೀಸರ್ ಹಾಕ್ಸಿದೀಯ. ಜಗಲಿಗೆ ಟೈಲ್ಸ್ ಹಾಕ್ಸಿದೀಯ, ಕಾಲಿಟ್ರೆ ಮಂಜುಗಡ್ಡೆ. ಅಂಗಳಕ್ಕೆ ಶೀಟ್ ಹಾಕ್ಸಿ ಬಿಸಿಲು ಬೀಳದ ಹಾಗೆ ಮಾಡಿದೀಯ."

ಅಣ್ಣ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಅತ್ತಿಗೆ ಹಿಂದಿನಿಂದ, "ಅತ್ತೆ ಹೇಳೋದು ಸರಿ ಇದೆ, ನಂಗೂ ಕಾಲು ಸೆಳೀತದೆ" ಅಂದದ್ದು ನಮಗೆ ಇಲ್ಲಿಗೆ ಕೇಳಿಸಿತು. ಒಲೆ ಹಾಕುವ ಕೆಲಸದವರು ಈಗ ಸಿಗುವುದಿಲ್ಲ, ಹೊಗೆ ಹೋಗಲು ಜಾಗ ಬಿಟ್ಟಿಲ್ಲ, ಟೈಲ್ಸ್ ಕೀಳಿಸಬೇಕಾಗುತ್ತದೆ ಅಂತ ಅಣ್ಣ ಏನೇನೋ ಶುರು ಮಾಡಿದ. ಅಮ್ಮ ಎಲ್ಲ ಕೇಳಿಸಿಕೊಂಡು, ಅಂಗಳದ ಶೀಟಾದರೂ ತೆಗೆಸು, ಏಪ್ರಿಲ್‌ಗೆ ಬರ್ತೇನೆ ಅಂದರು. ನೋಡ್ತೇನೆ ಅಂದಿದ್ದಾನೆ. ಅವನ 'ನೋಡ್ತೇನೆ' ನಮಗೆಲ್ಲ ಗೊತ್ತಿರುವುದೇ. ಅದಕ್ಕೇ ಅತ್ತಿಗೆಗೆ ಬೇರೆ ಮೆಸೇಜ್ ಹಾಕಿದ್ದೇನೆ.