ಮಿದುಳಿಗೆ ಹರಡಿದ ಕ್ಯಾನ್ಸರ್, ರೇಡಿಯೊಥೆರಪಿ: ಆಯುಷ್ಯದ ಅಂದಾಜು ಎಲ್ಲಿ ತಪ್ಪುತ್ತದೆ?

"ಇನ್ನ ಎಷ್ಟ ದಿನ ಅದಾರ ಹೇಳ್ರಿ" ಅಂತ ಇಂಡಿ, ಜಮಖಂಡಿ ಕಡೆಯಿಂದ ಬಂದ ಮನೆಯವರು ಕೇಳುತ್ತಾರೆ. ಇದಕ್ಕೆ 2008ರಲ್ಲಿ ಪ್ರಕಟವಾದ ಜಿಪಿಎ ಎಂಬ ಅಂಕಪದ್ಧತಿ ಇದೆ, ಸ್ಥಿತಿ ಚೆನ್ನಾಗಿದ್ದಷ್ಟೂ ಅಂಕ ಹೆಚ್ಚು. ವಯಸ್ಸು, ಕೆಪಿಎಸ್ ಅಂದರೆ ರೋಗಿ ಎಷ್ಟರಮಟ್ಟಿಗೆ ಓಡಾಡಿಕೊಂಡಿದ್ದಾರೆ ಎಂಬುದಕ್ಕೆ 100ರಲ್ಲಿ ಕೊಡುವ ಅಂಕ, ಮಿದುಳಿನ ಗಂಟುಗಳ ಸಂಖ್ಯೆ, ಮಿದುಳಿನಾಚೆ ಹರಡುವಿಕೆ: ಒಂದೊಂದಕ್ಕೂ 0, 0.5 ಇಲ್ಲವೇ 1. ಕೊನೆಯದಕ್ಕೆ ಮಾತ್ರ 0 ಅಥವಾ 1. ಒಟ್ಟು 1 ಅಥವಾ ಅದಕ್ಕಿಂತ ಕಡಿಮೆಯಿದ್ದರೆ ಮೀಡಿಯನ್ ಆಯುಷ್ಯ 2.6 ತಿಂಗಳು, 1.5ರಿಂದ 2.5ಕ್ಕೆ 3.8, 3ಕ್ಕೆ 6.9, ಅದಕ್ಕೂ ಮೇಲಾದರೆ 11. ಮೀಡಿಯನ್ ಗಡುವಲ್ಲ, ಅರ್ಧ ಜನ ಅದನ್ನು ದಾಟಿರುತ್ತಾರೆ. ಮನೆಯವರಿಗೆ ಇದನ್ನು ಬಿಡಿಸಿ ಹೇಳಲೇಬೇಕು.

ಹೆಚ್ಚು ಎಡವಟ್ಟಾಗುವುದು ಕೆಪಿಎಸ್‌ನಲ್ಲಿ. 58 ವರ್ಷ, ಎರಡು ಗಂಟು, ಲಿವರ್‌ಗೂ ಹರಡಿದೆ, ಕೆಪಿಎಸ್ 80 ಅಂದರೆ 0.5 + 0.5 + 0 + 0.5, ಒಟ್ಟು 1.5. ಅದೇ ರೋಗಿಗೆ 60 ಬರೆದರೆ ಕೆಪಿಎಸ್‌ನ 0.5 ಹೋಗಿ ಒಟ್ಟು 1, ಗುಂಪೇ ಕೆಳಗಿಳಿಯಿತು. ರಾತ್ರಿಯಿಡೀ ಬಸ್ಸಿನಲ್ಲಿ ಕೂತು ಬಂದವರನ್ನು ವ್ಹೀಲ್‌ಚೇರ್‌ನಲ್ಲಿ ನೋಡಿ ಅಂಕ ಹಾಕಬಾರದು. ಕೇಳಬೇಕಾದದ್ದು: "ಜಳಕ ತಾವ ಮಾಡ್ಕೋತಾರೇನು? ರೊಟ್ಟಿ ಮುರಕೊಂಡು ತಿಂತಾರೋ, ನೀವು ತಿನಸ್ತೀರೋ? ಹೊಲಕ್ಕ ಹೋಗೂದು ಯಾವಾಗ ಬಿಟ್ರು?" ದುಡಿಮೆ ಬಿಟ್ಟರೂ ತಮ್ಮ ಕೆಲಸ ತಾವೇ ಮಾಡಿಕೊಂಡರೆ 70, ಆಗೀಗ ಇನ್ನೊಬ್ಬರು ಬೇಕಾದರೆ 60. ಡೆಕ್ಸಾಮೆಥಾಸೋನ್ ಎಂಬ ಸ್ಟೀರಾಯ್ಡ್ ಕೊಟ್ಟ ಒಂದೆರಡು ದಿನದಲ್ಲಿ ಮಿದುಳಿನ ಬಾವು ಇಳಿದು ಮಲಗಿದವರು ಎದ್ದು ಕೂರುವುದುಂಟು. ಹಾಗಾಗಿ ಅಂಕ ಸ್ಟೀರಾಯ್ಡ್‌ಗೆ ಮೊದಲಿನದೋ ನಂತರದ್ದೋ ಎಂದು ಫೈಲಿನಲ್ಲಿ ಬರೆದಿಡಿ.

ಗಂಟು ಎಣಿಸಲು ಸಿಟಿ ಸಾಲದು. ಅದರಲ್ಲಿ ಎರಡು ಕಂಡದ್ದು ಕಾಂಟ್ರಾಸ್ಟ್ ಎಂಆರ್‌ಐನಲ್ಲಿ ಐದಾಗಬಹುದು, ಆಗ ಆ 0.5 ಕೂಡ ಹೋಯಿತು.

ಶ್ವಾಸಕೋಶದ ಅಡಿನೋಕಾರ್ಸಿನೋಮಾ ಎಂಬ ಬಗೆಯ ಕ್ಯಾನ್ಸರ್ ಆಗಿದ್ದರೆ ಈ ಹಳೆಯ ಪಟ್ಟಿ ಸಾಲದು. ಇಜಿಎಫ್‌ಆರ್, ಎಎಲ್‌ಕೆ ಎಂಬ ಜೀನ್‌ಗಳ ಪರೀಕ್ಷೆಯನ್ನೂ ಸೇರಿಸಿದ 2017ರ ಪಟ್ಟಿಯಲ್ಲಿ ಅತ್ಯುತ್ತಮ ಗುಂಪಿನ ಮೀಡಿಯನ್ ಸುಮಾರು 47 ತಿಂಗಳು. ಆ ವರದಿ ಬರುವ ಮುಂಚೆ "ಮೂರು ತಿಂಗಳು" ಎಂದುಬಿಡುವುದು ದೊಡ್ಡ ಅನ್ಯಾಯ.

ಅಂಕ ನಿಜಕ್ಕೂ ಕಡಿಮೆಯಿದ್ದರೆ? ಸರ್ಜರಿಯಾಗಲಿ ಸ್ಟೀರಿಯೊಟ್ಯಾಕ್ಟಿಕ್ ಚಿಕಿತ್ಸೆಯಾಗಲಿ (ಗಂಟಿಗೆ ಮಾತ್ರ ಗುರಿಯಿಟ್ಟು ಕೊಡುವ ರೇಡಿಯೇಷನ್) ಒಗ್ಗದ ಶ್ವಾಸಕೋಶ ಕ್ಯಾನ್ಸರ್ ರೋಗಿಗಳ ಕ್ವಾರ್ಟ್ಜ್ ಅಧ್ಯಯನದಲ್ಲಿ ಇಡೀ ಮಿದುಳಿಗೆ ರೇಡಿಯೇಷನ್ ಪಡೆದವರ ಮೀಡಿಯನ್ 9.2 ವಾರ, ಸ್ಟೀರಾಯ್ಡ್ ಮತ್ತು ಆರೈಕೆ ಮಾತ್ರ ಪಡೆದವರದು 8.5 ವಾರ. ಇಂಥವರಿಗೆ 10 ಸಿಟ್ಟಿಂಗ್‌ನ 30 ಗ್ರೇ (ರೇಡಿಯೇಷನ್ ಪ್ರಮಾಣದ ಅಳತೆ) ಬರೆದು ಎರಡು ವಾರ ಬೆಳಗಾವಿಯಲ್ಲಿ ರೂಮು ಹಿಡಿಸುವುದು ನನಗೆ ಒಪ್ಪಿಗೆಯಿಲ್ಲ. ಕೊಡಲೇಬೇಕಾದರೆ 5 ಸಿಟ್ಟಿಂಗ್‌ನಲ್ಲಿ 20 ಗ್ರೇ. ಇಲ್ಲವೇ ಸ್ಟೀರಾಯ್ಡ್, ಫಿಟ್ಸ್ ಬಂದಿದ್ದರೆ ಅದರ ಮಾತ್ರೆ, ನೋವಿಗೆ ಮಾರ್ಫಿನ್ ಕೊಟ್ಟು ಊರಿಗೆ ಕಳಿಸುವುದು.